ನನ್ನ ಫೈಲಿಗೆ ಕೈ ಹಾಕಿದವನು

ಅವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಓದುತ್ತಾ ಹೋದಂತೆ ಕೆಲವರಿಗೆ ಅವನ ಮೇಲೆ ಕನಿಕರ ಹುಟ್ಟಬಹುದು, ನನ್ನ ಗಂಡನಿಗೆ ಹುಟ್ಟಿದ ಹಾಗೆ. ಅದು ಅವರವರ ಹಣೆಬರಹ.

ದೋಹಾದ ಒಂದು ಭಾರತೀಯ ಶಾಲೆಯಲ್ಲಿ ನಾನು ಗಣಿತದ ಟೀಚರ್. ಉಡುಪಿ ಕಡೆಯವಳು. ಮದುವೆಗೆ ಮುಂಚೆ ಮಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಗಂಡನ ವೀಸಾದ ಬೆನ್ನಿಗೆ ಇಲ್ಲಿಗೆ ಬಂದ ಮೇಲೆ ಅದು ಅರ್ಧಕ್ಕೆ ನಿಂತಿತು. ಅರ್ಧಕ್ಕೆ ನಿಂತದ್ದನ್ನು ಯಾರೂ ಪೂರ್ತಿ ಮಾಡು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ತಲೆಯೊಳಗಿನ ಗಣಿತ ವೀಸಾ ನೋಡಿ ನಿಲ್ಲುವಂಥದಲ್ಲ. ಅಲ್ ಹಿಲಾಲ್‌ನ ನಮ್ಮ ಫ್ಲ್ಯಾಟಿನಲ್ಲಿ, ಶಾಲೆಗೆ ಬೇಸಿಗೆ ರಜೆ ಸಿಕ್ಕಿ ಉಳಿದವರೆಲ್ಲ ಊರಿಗೆ ಹೋದಾಗ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಒಂದು ಫೈಲು ಬರೆದೆ.

ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಗಣಿತದ ಸಾಫ್ಟ್‌ವೇರ್ ಒಂದಿದೆ. ಹತ್ತಾರು ದೇಶಗಳ ಜನ ಸಂಬಳವಿಲ್ಲದೆ ಕಟ್ಟಿದ್ದು. ಅದರೊಳಗೆ ನನ್ನದು ಒಂದು ಮೂಲೆ, ಜನರೇಟಿಂಗ್ ಫಂಕ್ಷನ್‌ಗಳದು. ಜನರೇಟಿಂಗ್ ಫಂಕ್ಷನ್ ಎಂದರೆ ಮುಗಿಯದ ಸಂಖ್ಯೆಗಳ ಸಾಲೊಂದನ್ನು ಒಂದೇ ಒಂದು ಸೂತ್ರದೊಳಗೆ ಮಡಚಿ ಇಡುವ ಉಪಾಯ. ಆ ಸಾಲಿನ ಹತ್ತನೆಯ ಸಂಖ್ಯೆ ಬೇಕಾದರೆ ಕೂಡಿ ಕಳೆದು ತೆಗೆಯಬಹುದು. ಕೋಟಿಯನೆಯದು ಬೇಕಾದರೆ ಆಗದು, ಆಗ ಅಂದಾಜು ಬೇಕು, ಅದೂ ನಂಬಬಹುದಾದ ಅಂದಾಜು. ಆ ಸೂತ್ರ ಎಲ್ಲಿ ಮುರಿದುಬೀಳುತ್ತದೆ, ಅಂದರೆ ಛೇದ ಎಲ್ಲಿ ಸೊನ್ನೆಯಾಗುತ್ತದೆ, ಎಂದು ನೋಡಬೇಕು. ಎಲ್ಲಕ್ಕಿಂತ ಹತ್ತಿರದ ಮುರುಕು ಯಾವುದೋ ಅದೇ ಸಾಲಿನ ಬೆಳವಣಿಗೆಯನ್ನು ನಿರ್ಧರಿಸುತ್ತದೆ. ಆ ಮುರುಕುಗಳನ್ನು ಹುಡುಕಿ, ಅಳೆದು, ಅಂದಾಜು ಸೂತ್ರವನ್ನು ಕೈಗೆ ಕೊಡುವುದು ನನ್ನ ಫೈಲಿನ ಕೆಲಸ. ಫೈಲಿನ ತಲೆಯಲ್ಲಿ ಬರೆದವರು ಎಂದು ನನ್ನ ಹೆಸರಿತ್ತು. ಗಣಿತದ ಲೋಕದಲ್ಲಿ ನನ್ನ ಹೆಸರಿದ್ದ ಜಾಗ ಅದೊಂದೇ.

ವರ್ಷಗಟ್ಟಲೆ ಅದರ ತಂಟೆಗೆ ಯಾರೂ ಬರಲಿಲ್ಲ. ಆಮೇಲೆ ಒಂದು ದಿನ, ನಾನು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಾ ಕೂತಿದ್ದಾಗ, ಫೋನಿಗೆ ಒಂದು ಸೂಚನೆ ಬಂತು. ಯಾರೋ ನನ್ನ ಫೈಲನ್ನು ರಿಫ್ಯಾಕ್ಟರ್ ಮಾಡಿ ಒಪ್ಪಿಗೆಗೆ ಕಳಿಸಿದ್ದರು. ತೆರೆದು ನೋಡಿದೆ. ತೆಗೆದುಹಾಕಿದ ಸಾಲುಗಳು ಕೆಂಪು, ಹೊಸದಾಗಿ ಸೇರಿಸಿದವು ಹಸಿರು. ಫೈಲಿನ ಬುಡದಿಂದ ತಲೆಯವರೆಗೆ ಕೆಂಪು, ಅದರ ಪಕ್ಕದಲ್ಲಿ ಅಷ್ಟೇ ಉದ್ದಕ್ಕೆ ಹಸಿರು. ಜೊತೆಗೊಂದು ಟಿಪ್ಪಣಿ: ಇಲ್ಲಿನ ಒಂದೊಂದು ಫಂಕ್ಷನ್ನೂ ಅತಿಯಾದ ಕೆಲಸ ಮಾಡುತ್ತಿದೆ, ಹೆಸರುಗಳಿಗೆ ಅರ್ಥವಿಲ್ಲ, ಒಡೆದು ಚಿಕ್ಕದು ಮಾಡಿದ್ದೇನೆ, ಉತ್ತರಗಳು ಬದಲಾಗಿಲ್ಲ, ಎಲ್ಲ ಟೆಸ್ಟುಗಳೂ ಪಾಸ್. ನನ್ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಒಂಬತ್ತನೇ ಕ್ಲಾಸಿನ ಪೇಪರಿನಲ್ಲಿ ಯಾವ ಮಗುವಿಗೋ ಅನ್ಯಾಯವಾಗಿ ಒಂದು ಮಾರ್ಕ್ ಹೋಗಿರಬೇಕು.

ರಿಫ್ಯಾಕ್ಟರಿಂಗ್ ಎಂದರೆ ಏನು ಮಹಾ? ಪ್ರೋಗ್ರಾಮ್ ಮಾಡುವ ಕೆಲಸ ಬದಲಾಗಬಾರದು, ಅದರ ಒಳಗಿನ ಜೋಡಣೆ ಮಾತ್ರ ಬದಲಾಗಬೇಕು. ಇನ್ನೊಬ್ಬರ ಅಡಿಗೆಮನೆಗೆ ಹೋಗಿ ಡಬ್ಬಗಳನ್ನೆಲ್ಲ ಬೇರೆ ಕಪಾಟಿಗೆ ಇಟ್ಟು, ಅಡಿಗೆಯ ರುಚಿ ಮಾತ್ರ ಹಾಗೇ ಇರುತ್ತದೆ ನೋಡಿ ಎಂದು ಹೇಳುವ ಕೆಲಸ. ಹೇಳುವವರಿಗೆ ಸುಲಭ, ಅಡಿಗೆ ಮಾಡುವವಳಿಗೆ ಉಪ್ಪಿನ ಡಬ್ಬ ಸಿಗುವುದಿಲ್ಲ.

ಸಾಧ್ಯವಿಲ್ಲ ಎಂದು ಬರೆಯಲು ಹೊರಟವಳು ಅದರ ಕೆಳಗಿನ ಮಾತುಕತೆ ಓದಿ ತಡೆದೆ. ನನ್ನ ಫೈಲು ಸಾಫ್ಟ್‌ವೇರಿನ ಒಂದು ಹಳೆಯ ತಳಪಾಯದ ಮೇಲೆ ನಿಂತಿತ್ತು. ಮುಂದಿನ ಆವೃತ್ತಿಯಲ್ಲಿ ಆ ತಳಪಾಯವನ್ನೇ ಕಿತ್ತುಹಾಕುವುದೆಂದು ತೀರ್ಮಾನವಾಗಿತ್ತು. ಅದರ ಮೇಲೆ ನಿಂತ ಫೈಲುಗಳನ್ನು ಯಾರಾದರೂ ಹೊಸ ರೀತಿಗೆ ತಂದರೆ ಉಳಿಯುತ್ತವೆ, ಇಲ್ಲವಾದರೆ ಅವೂ ಹೋಗುತ್ತವೆ. ಈ ಎಚ್ಚರಿಕೆ ತಿಂಗಳುಗಳ ಹಿಂದೆಯೇ ನನಗೆ ಬಂದಿತ್ತು, ಶಾಲೆಯ ಮೇಲ್‌ಗಳ ರಾಶಿಯಲ್ಲಿ ಕಾಣಲಿಲ್ಲ. ಫೈಲನ್ನು ಉಳಿಸಲು ಮುಂದೆ ಬಂದವನು ಇವನೊಬ್ಬನೇ. ಇವನ ಬದಲಾವಣೆಗೆ ಒಪ್ಪಿಗೆ ಕೊಡಬಲ್ಲವಳು ನಾನೊಬ್ಬಳೇ, ಏಕೆಂದರೆ ಅದರ ಗಣಿತ ಉಳಿದವರಿಗೆ ಗೊತ್ತಿರಲಿಲ್ಲ. ಒಪ್ಪದಿದ್ದರೆ ನನ್ನ ಫೈಲು ಸಾಯುತ್ತದೆ, ಒಪ್ಪಿದರೆ ಇವನದಾಗುತ್ತದೆ.

ಮಾರನೆಯ ದಿನ ಅವನಿಂದಲೇ ನೇರ ಒಂದು ಮೆಸೇಜು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಿಮ್ಮ ಹೆಸರೂ ಪ್ರೊಫೈಲೂ ನೋಡಿ ನಮ್ಮ ಕಡೆಯವರೆಂದು ಗೊತ್ತಾಯಿತು ಟೀಚರ್, ನಾನು ಪುತ್ತೂರಿನವ, ನಾನೂ ದೋಹಾದಲ್ಲೇ ಇರುವುದು, ನಜ್ಮಾದಲ್ಲಿ ರೂಮು, ಬೇಗ ಅಪ್ರೂವ್ ಮಾಡಿದರೆ ಉಪಕಾರ. ಒಂದು ಕಂಪನಿಯ ಐಟಿ ವಿಭಾಗದಲ್ಲಿ ಕೆಲಸವಂತೆ. ಪ್ರಿಂಟರ್ ಹಾಳಾದರೆ ಇವನನ್ನು ಕರೆಯುತ್ತಾರೆ, ಪಾಸ್‌ವರ್ಡ್ ಮರೆತರೆ ಇವನನ್ನು ಕರೆಯುತ್ತಾರೆ. ಅದರಿಂದ ಪಾರಾಗಿ ನಿಜವಾದ ಪ್ರೋಗ್ರಾಮಿಂಗ್ ಕೆಲಸಕ್ಕೆ ಸೇರಲು ಇಂಥದ್ದೊಂದು ದೊಡ್ಡ ರಿಫ್ಯಾಕ್ಟರಿಂಗ್ ತನ್ನ ಹೆಸರಲ್ಲಿ ಇದ್ದರೆ ಒಳ್ಳೆಯದು ಎಂದು ಮುಚ್ಚುಮರೆ ಇಲ್ಲದೆ ಬರೆದಿದ್ದ. ನಿಮಗೆ ಆ ಗಣಿತ ಎಷ್ಟು ಗೊತ್ತು ಎಂದು ನಾನು ಕೇಳಿದೆ. ಗೊತ್ತಿಲ್ಲ, ಓದಲಿಲ್ಲ, ಓದುವ ಅಗತ್ಯ ಬೀಳಲಿಲ್ಲ, ಟೆಸ್ಟ್ ಎಲ್ಲ ಪಾಸ್ ಉಂಟಲ್ಲ ಟೀಚರ್ ಎಂದು ಉತ್ತರ ಬಂತು. ಕೊನೆಗೆ ನಗುವ ಮುಖದ ಚಿತ್ರ ಒಂದು. ಆ ನಗುವ ಮುಖವನ್ನು ನಾನು ಈವರೆಗೆ ಕ್ಷಮಿಸಿಲ್ಲ.

ಟೆಸ್ಟ್ ಎಂದರೆ ಇಲ್ಲಿ ಉದಾಹರಣೆ. ಫೈಲಿನೊಳಗೆ ನಾನು ಉದ್ದಕ್ಕೂ ಉದಾಹರಣೆಗಳನ್ನು ಬರೆದಿದ್ದೆ: ಈ ಪ್ರಶ್ನೆ ಕೇಳಿದರೆ ಈ ಉತ್ತರ ಬರಬೇಕು. ಕಂಪ್ಯೂಟರ್ ಆ ಪ್ರಶ್ನೆಗಳನ್ನು ತಾನೇ ಕೇಳಿಕೊಂಡು, ಬಂದ ಉತ್ತರವನ್ನು ಬರೆದಿಟ್ಟ ಉತ್ತರದೊಂದಿಗೆ ಹೋಲಿಸಿ, ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಫೇಲ್ ಎನ್ನುತ್ತದೆ. ಒಂದೊಂದು ಉತ್ತರವನ್ನೂ ನಾನು ಬರೆಯುವಾಗ ಕೈಯಲ್ಲಿ ಲೆಕ್ಕ ಮಾಡಿ ನೋಡಿದ್ದೆ. ಈಗ ಹಸಿರು ಸಾಲುಗಳನ್ನು ಓದತೊಡಗಿದರೆ, ಪ್ರಶ್ನೆಗಳೆಲ್ಲ ನನ್ನವೇ, ಉತ್ತರಗಳೆಲ್ಲ ಬೇರೆ. ಅವನ ಹೊಸ ಜೋಡಣೆಯಲ್ಲಿ ಸೂತ್ರದ ಪದಗಳು ಬೇರೆ ಕ್ರಮದಲ್ಲಿ ಅಚ್ಚಾಗುತ್ತಿದ್ದವು. ಹಾಗಾಗಿ ಮೊದಲ ಬಾರಿಗೆ ಎಲ್ಲ ಟೆಸ್ಟೂ ಫೇಲ್ ಆಗಿರಬೇಕು. ಆಗ ಇವನು ಏನು ಮಾಡಿದ್ದಾನೆ? ಹೊಸದಾಗಿ ಬಂದ ಉತ್ತರವನ್ನೇ ಹಳೆಯದರ ಜಾಗದಲ್ಲಿ ತಾನಾಗಿ ಬರೆದುಕೊಂಡು ಹೋಗುವ ಒಂದು ಸಾಧನ ಇದೆ, ಅದನ್ನು ಓಡಿಸಿದ್ದಾನೆ. ಅಂದರೆ ವಿದ್ಯಾರ್ಥಿ ಬರೆದದ್ದನ್ನೇ ನಕಲು ಮಾಡಿ ಮಾದರಿ ಉತ್ತರ ತಯಾರಿಸಿ, ಆಮೇಲೆ ಅದೇ ಪೇಪರಿಗೆ ನೂರಕ್ಕೆ ನೂರು ಕೊಟ್ಟ ಹಾಗೆ. ನಮ್ಮ ಶಾಲೆಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಆ ದಿನವೇ ಖಲಾಸ್.

ನಾನು ಒಂದೊಂದಾಗಿ ನೋಡಿದೆ. ಹೆಚ್ಚಿನವು ನಿಜಕ್ಕೂ ಕ್ರಮದ ವ್ಯತ್ಯಾಸವಷ್ಟೆ, ಹಿಂದಿನದು ಮುಂದೆ, ಮುಂದಿನದು ಹಿಂದೆ. ಓದುತ್ತಾ ಓದುತ್ತಾ ನನಗೆ ಸಿಟ್ಟಿನ ಜೊತೆ ನಿರಾಶೆಯೂ ಆಗತೊಡಗಿತು, ತಪ್ಪು ಸಿಗಲಿಲ್ಲವಲ್ಲ ಎಂದು. ಕೊನೆಗೊಂದು ಸಿಕ್ಕಿತು. ಆಗ ಆದ ಸಂತೋಷ ದೇವರಿಗೇ ಗೊತ್ತು.

ಅದನ್ನು ಹಾಗೇ ಎಲ್ಲರ ಮುಂದೆ ಬರೆದು ಮಾನ ಕಳೆಯಬೇಕೆಂದಿದ್ದೆ. ಅಷ್ಟರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವವರಲ್ಲಿ ಒಬ್ಬ, ಯಾವುದೋ ತಣ್ಣನೆಯ ದೇಶದವನು, ನೀವಿಬ್ಬರೂ ಒಂದೇ ಊರಿನಲ್ಲಿದ್ದೀರಲ್ಲ, ಒಂದು ಕಪ್ ಕಾಫಿ ಕುಡಿದು ಮುಗಿಸಿಕೊಳ್ಳಬಾರದೇ ಎಂದು ಬರೆದ. ಎಲ್ಲರೂ ಅದಕ್ಕೆ ಹೆಬ್ಬೆರಳು ಎತ್ತಿದರು. ಇಲ್ಲ ಎಂದರೆ ನಾನೇ ಜಗಳಗಂಟಿ ಆಗುತ್ತಿದ್ದೆ. ನಾನು ಜಗಳಗಂಟಿಯೇ, ಆದರೆ ಅದು ಹತ್ತು ದೇಶದವರಿಗೆ ಗೊತ್ತಾಗುವ ಅಗತ್ಯವಿರಲಿಲ್ಲ.

ಇಲ್ಲಿನ ವಾರದ ರಜೆಯಾದ ಶುಕ್ರವಾರ, ನಮ್ಮ ಚರ್ಚಿನ ಬಲಿಪೂಜೆ, ಅವನ ಜುಮ್ಮಾ ನಮಾಜು ಎರಡೂ ಮುಗಿದ ಮೇಲೆ ನಜ್ಮಾದ ಒಂದು ಕೆಫೆಟೇರಿಯಾದಲ್ಲಿ ಸೇರುವುದೆಂದಾಯಿತು. ಗಂಡ ಜೊತೆಗೆ ಬಂದರು. ಅವರು ಕಾಂಟ್ರಾಕ್ಟ್ ಕಂಪನಿಯೊಂದರಲ್ಲಿ ಅಕೌಂಟೆಂಟ್, ಯಾರ ಜೊತೆಗೂ ಜಗಳ ಆಡಿ ಗೊತ್ತಿಲ್ಲ. ಟೈಲರ್ ಅಂಗಡಿಗಳ ಆ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತಿ ಸುತ್ತಿ, ನಾನು ಬೈದು ಬೈದು, ಒಳಗೆ ಹೋದಾಗ ಅವನು ಮೂಲೆಯ ಮೇಜಿನಿಂದ ಎದ್ದು ನಿಂತ. ಮೂವತ್ತು ದಾಟಿರದ ಗಡ್ಡದ ಹುಡುಗ, ಇಸ್ತ್ರಿ ಮಾಡಿದ ಅಂಗಿ. ಗಂಡ ಊರು ಯಾವುದೆಂದು ಕೇಳಿದರು, ಅವನು ಹೇಳಿದ, ಅಲ್ಲಿಗೆ ಇಬ್ಬರೂ ತುಳುವಿಗೆ ಜಾರಿದರು. ಪುತ್ತೂರಿನ ಬಸ್‌ಸ್ಟ್ಯಾಂಡ್, ಉಪ್ಪಿನಂಗಡಿಯ ರಸ್ತೆ, ಇಲ್ಲಿ ಸಿಗುವ ಬಂಗುಡೆಗೆ ಊರಿನ ರುಚಿ ಇಲ್ಲದಿರುವುದು. ಯುದ್ಧಕ್ಕೆಂದು ಕರೆದುಕೊಂಡು ಬಂದವರು ಶತ್ರುವಿನ ಜೊತೆ ಮೀನಿನ ಸುದ್ದಿ ಮಾತಾಡುತ್ತಿದ್ದರು. ನಾನು ಲ್ಯಾಪ್‌ಟಾಪನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲೆ ಇಟ್ಟೆ. ಗಂಡ ತಮ್ಮ ಕರಕ್ ಚಹಾ ಎತ್ತಿಕೊಂಡು ಪಕ್ಕದ ಮೇಜಿಗೆ ಹೋದರು.

"ನೀವು ಉತ್ತರ ಬದಲಾಗಲಿಲ್ಲ ಅಂತ ಬರೆದಿದ್ದೀರಿ" ಎಂದೆ.

"ಇಲ್ಲ ಟೀಚರ್, ಬರೀ ಆರ್ಡರ್ ಚೇಂಜ್ ಆಗಿದೆ. ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ."

"ಇದನ್ನು ಓದಿ."

ನಾನು ತೋರಿಸಿದ್ದು ಅಲೆದಾಟದ ಉದಾಹರಣೆ. ಚೌಕ ಚೌಕವಾಗಿ ಬೀದಿಗಳಿರುವ ಊರು. ಮನೆಯಿಂದ ಹೊರಟವನು ಪ್ರತಿ ಹೆಜ್ಜೆಗೂ ನಾಲ್ಕು ದಿಕ್ಕಿನಲ್ಲಿ ಯಾವುದಾದರೂ ಒಂದು ಕಡೆ ಒಂದು ಚೌಕ ನಡೆಯುತ್ತಾನೆ. ಇಷ್ಟು ಹೆಜ್ಜೆ ಆದ ಮೇಲೆ ಸರಿಯಾಗಿ ಮನೆಯ ಬಾಗಿಲಿಗೇ ಬಂದಿರುವ ದಾರಿಗಳು ಎಷ್ಟು ಎನ್ನುವುದು ಪ್ರಶ್ನೆ. ನನ್ನ ಹಳೆಯ ಉತ್ತರದಲ್ಲಿ ಎರಡು ಪದಗಳಿದ್ದವು, ಅವನ ಹೊಸ ಉತ್ತರದಲ್ಲಿ ಒಂದೇ.

"ಹೌದು, ಈಗ ಚಿಕ್ಕದಾಗಿದೆ. ಕ್ಲೀನ್ ಆಯ್ತಲ್ಲ?" ಎಂದ. ಅವನಿಗೆ ನಿಜವಾಗಿ ಹೆಮ್ಮೆ ಇತ್ತು.

"ಸರಿ. ನಿಮ್ಮ ಕ್ಲೀನ್ ಸೂತ್ರದಲ್ಲಿ ಮೂರು ಹೆಜ್ಜೆ ಹಾಕಿ ನೋಡಿ."

ಅವನು ಫೋನಿನಲ್ಲಿ ಲೆಕ್ಕ ಮಾಡಿದ. "ಆರು ಮುಕ್ಕಾಲು ಚಿಲ್ಲರೆ. ಸುಮಾರು ಏಳು."

"ಮೂರೇ ಹೆಜ್ಜೆಯಲ್ಲಿ ಮನೆಗೆ ಬರುವ ಏಳು ದಾರಿ. ಏಳು ಬೇಡ, ಒಂದು ತೋರಿಸು."

ನೀವು ಎನ್ನುತ್ತಿದ್ದವಳು ಎಲ್ಲಿ ನೀನು ಎಂದೆನೋ ನನಗೇ ತಿಳಿಯಲಿಲ್ಲ, ಅವನೂ ಆಕ್ಷೇಪಿಸಲಿಲ್ಲ. ಮೇಜಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಕಪ್ಪು ಬಿಳಿ ಚೌಕಗಳಿದ್ದವು. ಅವನು ಬೆರಳನ್ನು ಒಂದು ಬಿಳಿ ಚೌಕದ ಮೇಲಿಟ್ಟು ನಡೆಸಿದ. ಬಲಕ್ಕೆ, ಮೇಲಕ್ಕೆ, ಎಡಕ್ಕೆ. ಮತ್ತೆ ಶುರು ಮಾಡಿದ. ಬಲಕ್ಕೆ, ಎಡಕ್ಕೆ, ಇನ್ನೊಂದು ಹೆಜ್ಜೆ ಬಾಕಿ, ಅದನ್ನು ಎಲ್ಲಿಡುವುದು? ಆಮೇಲೆ ತಲೆ ಎತ್ತಿ, "ಈ ಫಾರ್ಮುಲಾ ದೊಡ್ಡ ನಂಬರಿಗೆ ಮಾತ್ರ ಸರಿ ಅಂತ ನೀವೇ ಬರೆದಿದ್ದೀರಿ ಟೀಚರ್. ಮೂರಕ್ಕೆ ಹಾಕಿ ನೋಡಿದ್ರೆ ಹೇಗೆ?" ಎಂದ.

ಪೆದ್ದನಲ್ಲ ಎಂದು ಆಗ ಗೊತ್ತಾಯಿತು. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

"ಸಾವಿರದ ಒಂದು ಹೆಜ್ಜೆ ಹಾಕು. ಹೊರಡುವ ಮೊದಲು, ಈಗ ಬೆರಳು ಎಂಥ ಚೌಕದ ಮೇಲೆ ಉಂಟು?"

"ಬಿಳಿ."

"ಒಂದು ಹೆಜ್ಜೆ ಇಟ್ಟರೆ?"

"ಕಪ್ಪು. ಎರಡಕ್ಕೆ ಬಿಳಿ." ಬೆರಳು ಅಲ್ಲೇ ನಿಂತಿತು. "ಬೆಸ ಹೆಜ್ಜೆಗೆ ಯಾವಾಗಲೂ ಕಪ್ಪು. ಮನೆ ಬಿಳಿ. ಹಾಗಾದ್ರೆ ಬರ್ಲಿಕ್ಕೇ ಆಗುದಿಲ್ಲ."

"ಸೊನ್ನೆ ದಾರಿ. ನಿನ್ನ ಸೂತ್ರ ಕೋಟಿ ಕೋಟಿ ದಾರಿ ಉಂಟು ಅನ್ನುತ್ತದೆ."

ಎಲ್ಲಿ ತಪ್ಪಿದೆ ಎನ್ನುವುದನ್ನೂ ನಾನೇ ತೋರಿಸಿದೆ. ಆ ಸೂತ್ರಕ್ಕೆ ಒಂದೇ ದೂರದಲ್ಲಿ ಎರಡು ಮುರುಕುಗಳಿವೆ, ಒಂದು ಈ ಕಡೆ, ಇನ್ನೊಂದು ಸರಿಯಾಗಿ ಎದುರು ಕಡೆ. ಸಮ ಹೆಜ್ಜೆಗಳಲ್ಲಿ ಅವು ಒಂದನ್ನೊಂದು ಕೂಡುತ್ತವೆ, ಬೆಸ ಹೆಜ್ಜೆಗಳಲ್ಲಿ ಒಂದನ್ನೊಂದು ಅಳಿಸುತ್ತವೆ. ನನ್ನ ಹಳೆಯ ಕೋಡಿನಲ್ಲಿ ಎರಡೂ ಸಾಲಾಗಿ ನಿಂತಿರುತ್ತಿದ್ದವು. ಇವನು ಅಚ್ಚುಕಟ್ಟು ಮಾಡುವ ಭರದಲ್ಲಿ ದೂರಕ್ಕೊಂದು ಖಾನೆಯಂತೆ ಮಾಡಿ, ಒಂದು ಖಾನೆಗೆ ಒಂದೇ ಮುರುಕು ಎಂದುಕೊಂಡಿದ್ದ. ಲಾಂಡ್ರಿಯಲ್ಲಿ ಒಂದೇ ನಂಬರಿನ ಎರಡು ಗಂಟು ಬಂದರೆ, ಎರಡನೆಯದನ್ನು ಖಾನೆಗೆ ತುಂಬಿ ಮೊದಲಿನದನ್ನು ಬೀದಿಗೆ ಬಿಸಾಡಿದ ಹಾಗೆ ಎಂದೆ.

"ಅದನ್ನು ಫಿಕ್ಸ್ ಮಾಡ್ತೇನೆ. ಎರಡೇ ಲೈನಿನ ಕೆಲಸ. ಆಮೇಲೆ ಅಪ್ರೂವ್ ಮಾಡ್ತೀರಲ್ಲ?"

"ಇಲ್ಲ."

ಅವನ ಮುಖ ಬಿಗಿಯಿತು. "ಎಂತಕ್ಕೆ?"

"ಇದು ನನಗೆ ಸಿಕ್ಕಿದ್ದು. ಸಿಗದೆ ಇದ್ದದ್ದು ಎಷ್ಟು ಉಂಟೋ. ನಿನಗೂ ಗೊತ್ತಿಲ್ಲ, ಏಕೆಂದರೆ ನೀನು ಒಂದನ್ನೂ ಓದಲಿಲ್ಲ."

ಆಗ ಅವನೂ ಸಿಡಿದ. ಇಷ್ಟು ಹೊತ್ತು ಹಲ್ಲು ಕಚ್ಚಿ ಕೂತಿದ್ದನೆಂದು ಕಾಣುತ್ತದೆ. "ಟೀಚರ್, ಬೇಜಾರು ಮಾಡ್ಬೇಡಿ. ನಿಮ್ಮ ಕೋಡ್ ಓದಿ ನನ್ನ ಮಂಡೆ ಬಿಸಿ ಆಗಿದೆ. ಒಂದೇ ಫಂಕ್ಷನಿನೊಳಗೆ ಇಡೀ ಪ್ರಪಂಚ ತುಂಬಿಸಿದ್ದೀರಿ. ವೇರಿಯೇಬಲಿನ ಹೆಸರು ಎ, ಬಿ, ಎರಡನೇ ಬಿ. ಯಾರಿಗೆ ಅರ್ಥ ಆಗ್ಬೇಕು ಅಂತ ಬರೆದದ್ದು? ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ಕೈ ಹಾಕಿದ್ದಾನಾ? ನಾನು ಮಾಡದಿದ್ರೆ ಇದು ಡಿಲೀಟ್, ಖಲಾಸ್."

"ಡಿಲೀಟ್ ಆಗಲಿ" ಎಂದೆ. ಸುಳ್ಳು ಹೇಳಿದೆ. ಪಕ್ಕದ ಮೇಜಿನಿಂದ ಗಂಡ ಕೆಮ್ಮಿದರು.

ನನ್ನ ಷರತ್ತು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ. ಸಾಧನದಿಂದ ಬರೆಸಿದ ಎಲ್ಲ ಉತ್ತರಗಳನ್ನೂ ಅಳಿಸಬೇಕು. ನನ್ನ ಹಳೆಯ ಉತ್ತರಗಳನ್ನು ವಾಪಸ್ ತರಬೇಕು. ಯಾವುದನ್ನು ಬದಲಾಯಿಸಬೇಕಾದರೂ ನನ್ನ ಎದುರು ಕೂತು, ಆ ಅಂದಾಜು ಏಕೆ ಹಾಗಿದೆ, ಮುರುಕು ಎಲ್ಲಿದೆ, ಎಷ್ಟಿವೆ ಎಂದು ಬಾಯಲ್ಲಿ ವಿವರಿಸಬೇಕು. ವಿವರಿಸಿದ್ದು ನನಗೆ ಒಪ್ಪಿಗೆಯಾದರೆ ಒಂದು ಉದಾಹರಣೆ ಪಾಸ್. ಹಾಗೆ ಕೊನೆಯವರೆಗೆ. ಅವನು ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಮನೆಗೆ ವಾಪಸಾಗುವಾಗ ಗಂಡ, "ಅಷ್ಟು ಕಟ್ಟುನಿಟ್ಟು ಎಂತಕ್ಕೆ ಮಾರಾಯ್ತಿ, ಒಳ್ಳೆ ಹುಡುಗ" ಎಂದರು. ಅವರಿಗೆ ಆ ದಿನ ಬಂಗುಡೆ ಸಿಗಲಿಲ್ಲ, ಸಾರು ಅನ್ನ ಸಿಕ್ಕಿತು.

ಮುಂದಿನ ಶುಕ್ರವಾರ ಅವನು ಬಂದ. ಕೈಯಲ್ಲಿ ಪ್ರಿಂಟ್ ಮಾಡಿದ ಹಾಳೆಗಳು, ಅಂಚಿನಲ್ಲಿ ಪೆನ್ಸಿಲಿನ ಗೀಟುಗಳು.

ಆ ಬೇಸಿಗೆಯೆಲ್ಲ ಹೀಗೇ ಹೋಯಿತು. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಹಬೆ ಹಿಡಿಯುವ ಸೆಕೆ, ಒಳಗೆ ಎಸಿಯ ಕೆಳಗೆ ನಾವಿಬ್ಬರು ಬೆಂಕಿ ಕಾರುತ್ತಾ. ಗಂಡ ಪಕ್ಕದ ಮೇಜಿನಲ್ಲಿ ಪರಾಟ ತಿನ್ನುತ್ತಾ. ನಾನು ದಯೆ ತೋರಿಸಲಿಲ್ಲ. ತಡವರಿಸಿದರೆ ಫೇಲ್, ಅಂದಾಜಿನ ಮೇಲೆ ಅಂದಾಜು ಹೇಳಿದರೆ ಫೇಲ್, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ಅದೂ ಫೇಲ್. ಅವನೂ ಸುಮ್ಮನಿರುತ್ತಿರಲಿಲ್ಲ. ನಾನು ವಿವರಿಸಿದ್ದು ಅರ್ಥವಾಗದಿದ್ದರೆ, "ನಿಮ್ಮ ಸ್ಟೂಡೆಂಟ್ಸ್ ಪಾಪ" ಎನ್ನುತ್ತಿದ್ದ. ಒಮ್ಮೆ, ಎರಡು ಮುರುಕುಗಳು ಒಂದನ್ನೊಂದು ದಾಟುವ ಕಡೆ ಏನಾಗುತ್ತದೆ ಎಂಬ ಪ್ರಶ್ನೆಗೆ ತಪ್ಪು ಹೇಳಿದಾಗ, "ಪ್ರಿಂಟರ್ ಅಲ್ಲ ಇದು, ಆಫ್ ಮಾಡಿ ಆನ್ ಮಾಡ್ಲಿಕ್ಕೆ" ಎಂದೆ. ಅವನು ಹಾಳೆಗಳನ್ನು ಮಡಚಿ ಎದ್ದು ಹೋದ. ಗಂಡ ಹಿಂದೆಯೇ ಹೋಗಿ ಅವನ ಜೊತೆ ಗಲ್ಲಿಯ ನೆರಳಿನಲ್ಲಿ ಎಷ್ಟೋ ಹೊತ್ತು ನಿಂತು ಬಂದರು. ಏನು ಮಾತಾಡಿದಿರೆಂದು ಕೇಳಿದರೆ, "ಗಣಿತ ಅಲ್ಲ" ಎಂದರು. ಮರುವಾರ ಅವನು ಅದೇ ಪ್ರಶ್ನೆಗೆ ಸರಿಯುತ್ತರ ತಂದಿದ್ದ, ನಮಸ್ಕಾರವನ್ನೂ ಹೇಳದೆ ನೇರ ಉತ್ತರ ಹೇಳಿದ. ಸರಿಯಾಗಿತ್ತು. ನಾನೂ ಸರಿ ಎಂದು ಹೇಳದೆ ಮುಂದಿನ ಪುಟ ತೆರೆದೆ.

ಹೊಸ ಆವೃತ್ತಿ ಹೊರಬರುವ ಸಮಯ ಹತ್ತಿರ ಬಂತು. ತಣ್ಣನೆಯ ದೇಶದವನಿಗೆ ಅವಸರ ಶುರುವಾಯಿತು. ಅಲೆದಾಟದ ತಪ್ಪು ತಿದ್ದಿ ಆಗಿದೆ, ಟೆಸ್ಟುಗಳೆಲ್ಲ ಪಾಸ್, ಮೂಲ ಲೇಖಕಿಗೆ ಬಿಡುವಿಲ್ಲದಿದ್ದರೆ ನಾನೇ ಒಪ್ಪಿಗೆ ಕೊಟ್ಟುಬಿಡಬಹುದು ಎಂದು ಎಲ್ಲರಿಗೂ ಕಾಣುವಂತೆ ಬರೆದ. ನಾನು ಅದನ್ನು ಶಾಲೆಯ ಕಾರಿಡಾರಿನಲ್ಲಿ ನಿಂತು ಓದಿದೆ. ಇಷ್ಟೂ ದಿನ ನಾನು ಹಿಡಿದಿದ್ದ ಹಗ್ಗ ಇನ್ನೊಬ್ಬನ ಕೈಗೂ ಸಿಗುತ್ತದೆಂದು ನಾನು ಯೋಚಿಸಿರಲಿಲ್ಲ. ಪುತ್ತೂರಿನ ಹುಡುಗ ಈಗ ಹೂಂ ಎಂದರೆ ಸಾಕು, ಅವನ ಕೆಲಸ ಆಯಿತು, ನಾನು ಕೆಫೆಟೇರಿಯಾದ ಮೇಜಿನ ಹುಚ್ಚಿ.

ಸಂಜೆಯೊಳಗೆ ಅದರ ಕೆಳಗೆ ಅವನ ಉತ್ತರ ಬಂತು. ಬೇಡ, ಈಗಲೇ ಒಪ್ಪಬೇಡಿ. ಇನ್ನೂ ಕೆಲವು ಉದಾಹರಣೆಗಳು ಏಕೆ ಸರಿ ಎಂದು ನನಗೆ ವಿವರಿಸಲು ಬರುವುದಿಲ್ಲ. ಬಂದ ಮೇಲೆ ಅವರು ಒಪ್ಪುತ್ತಾರೆ.

ಅದನ್ನು ಓದಿ ನನಗೆ ಕೃತಜ್ಞತೆ ಉಕ್ಕಿ ಬಂತೆಂದು ಯಾರಾದರೂ ಅಂದುಕೊಂಡರೆ ತಪ್ಪು. ನನಗೆ ಬಂದದ್ದು ಕೋಪ. ಒಬ್ಬನನ್ನು ನೆಮ್ಮದಿಯಾಗಿ ದ್ವೇಷಿಸುವುದಕ್ಕೂ ಬಿಡುವುದಿಲ್ಲವಲ್ಲ ಎಂದು. ಗಂಡನಿಗೆ ತೋರಿಸಿದೆ. ಅವರು ಓದಿ, ಫೋನ್ ವಾಪಸ್ ಕೊಟ್ಟು, ಏನೂ ಹೇಳದೆ ಟೀವಿಯ ಕಡೆ ತಿರುಗಿದರು. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಉಳಿದವು ಮುಗಿದವು. ಕೊನೆಯ ಶುಕ್ರವಾರ ಕೊನೆಯ ಉದಾಹರಣೆಯನ್ನು ಅವನು ಹಾಳೆ ನೋಡದೆ ವಿವರಿಸಿದ. ನಡುವೆ ನಾನು ಎರಡು ಕಡೆ ಬೇಕೆಂದೇ ದಾರಿ ತಪ್ಪಿಸುವ ಪ್ರಶ್ನೆ ಹಾಕಿದೆ, ತಪ್ಪಲಿಲ್ಲ. ನಾನು ಅಲ್ಲೇ ಅವನೆದುರಿಗೇ ಲ್ಯಾಪ್‌ಟಾಪಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಿದೆ. "ಥ್ಯಾಂಕ್ಸ್ ಟೀಚರ್" ಎಂದ. "ನನಗೆ ಹೇಳಬೇಕಾಗಿಲ್ಲ" ಎಂದೆ. ಫೈಲಿನ ತಲೆಯಲ್ಲಿ ಈಗ ಎರಡು ಹೆಸರು. ಅಕಾರಾದಿಯಾಗಿ ಬರೆಯುವುದು ಅಲ್ಲಿನ ನಿಯಮವಂತೆ, ಹಾಗಾಗಿ ಅವನದು ಮೊದಲು. ನಾನು ಆ ನಿಯಮವನ್ನು ಹುಡುಕಿ ಓದಿ ನೋಡಿದೆ, ನಿಜವೇ.

ಅವನಿಗೆ ಬೇಕಾದ ಕೆಲಸ ಸಿಕ್ಕಿತು. ದೋಹಾ ಬಿಡಲಿಲ್ಲ, ಇಲ್ಲೇ ಇದ್ದಾನೆ. ಗಂಡ ಈಗಲೂ ಅವನ ಜೊತೆ ಫೋನಿನಲ್ಲಿ ತುಳು ಮಾತಾಡುತ್ತಾರೆ, ನಾನು ಅಡಿಗೆಮನೆಗೆ ಹೋಗುತ್ತೇನೆ.

ಹೊಸ ಆವೃತ್ತಿ ಬಂದು ಕೆಲವು ವಾರಗಳ ನಂತರ, ಯಾವುದೋ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಆ ಫೈಲಿನ ಬಗ್ಗೆ ಒಂದು ಪ್ರಶ್ನೆ ಕೇಳಿದಳು. ಅಷ್ಟು ವರ್ಷಗಳಲ್ಲಿ ಬಂದ ಮೊದಲ ಪ್ರಶ್ನೆ. ಒಂದೇ ದೂರದಲ್ಲಿ ಮೂರು ಮುರುಕುಗಳಿರುವಾಗ, ಅದರಲ್ಲಿ ಒಂದರ ಸ್ವಭಾವ ಬೇರೆಯಾಗಿದ್ದರೆ ಅಂದಾಜನ್ನು ಹೇಗೆ ಓದಬೇಕು ಎಂದು. ಒಳ್ಳೆಯ ಪ್ರಶ್ನೆ, ಇಂಥದ್ದು ಯಾರಾದರೂ ಕೇಳಲಿ ಎಂದೇ ನಾನು ಆ ಫೈಲು ಬರೆದದ್ದು. ನಾನು ಆಗ ಏಳನೇ ಪೀರಿಯಡ್‌ನಲ್ಲಿ ತ್ರಿಕೋನಮಿತಿ ಹೇಳುತ್ತಿದ್ದೆ. ಮನೆಗೆ ಬಂದು, ಚಹಾಕ್ಕೂ ಕಾಯದೆ, ಉತ್ತರ ಬರೆಯಲು ಲ್ಯಾಪ್‌ಟಾಪ್ ತೆರೆದೆ. ಅವನು ಬರೆದುಬಿಟ್ಟಿದ್ದ.

ಉದ್ದನೆಯ ಉತ್ತರ. ನಾನು ಕೆಂಪು ಪೆನ್ನು ಹಿಡಿದವಳ ಹಾಗೆ ಮೊದಲಿನಿಂದ ಓದಿದೆ. ಮೊದಲ ಮುರುಕು, ಎರಡನೆಯದು, ಮೂರನೆಯದು. ಯಾವುದು ಯಾವಾಗ ಅಳಿಸುತ್ತದೆ, ಏನು ಉಳಿಯುತ್ತದೆ. ನಾನು ಅವನಿಗೆ ಎಂದೂ ಹೇಳಿಕೊಡದ ಒಂದು ಕಡೆಯೂ ಇತ್ತು, ಅಲ್ಲಿ ಖಂಡಿತ ಎಡವಿರುತ್ತಾನೆಂದು ಹಾಳೆ ತೆಗೆದುಕೊಂಡು ಲೆಕ್ಕ ಮಾಡಿದೆ. ಎಡವಿರಲಿಲ್ಲ. ಮತ್ತೊಮ್ಮೆ ಓದಿದೆ. ಹುಡುಗಿ ಕೆಳಗೆ ಅವನಿಗೆ ಧನ್ಯವಾದ ಬರೆದು, ನೀವೇ ಇದನ್ನು ಬರೆದವರೇ ಎಂದು ಕೇಳಿದ್ದಳು. ಅಲ್ಲ ಎಂದು ಅವನು ನನ್ನ ಹೆಸರು ಹೇಳಿದ್ದ.

ಗಂಡ ಚಹಾ ತಂದಿಟ್ಟು, ಎಂತ ಬರೀತಾ ಇದ್ದಿ ಎಂದು ಕೇಳಿದರು. ಏನಿಲ್ಲ, ಬರೆಯಲು ಏನೂ ಇಲ್ಲ ಎಂದೆ. ಆ ಫೈಲಿಗೆ ಇನ್ನು ನನ್ನ ಅಗತ್ಯವಿಲ್ಲ. ಅದಕ್ಕೆ ಬೇಕಾದದ್ದನ್ನೆಲ್ಲ ವಾರ ವಾರವೂ ಬೈದು ಬೈದು ನಾನೇ ಅವನಿಗೆ ಕಲಿಸಿಕೊಟ್ಟಿದ್ದೆ. ಚಹಾ ಕುಡಿದು, ಲ್ಯಾಪ್‌ಟಾಪ್ ಮುಚ್ಚಿ, ಒಂಬತ್ತನೇ ಕ್ಲಾಸಿನ ಪೇಪರುಗಳನ್ನು ಎಳೆದುಕೊಂಡೆ.